ಎಲೆ ನೋಡಿ ಹಣ್ಣು ಹೇಳಬಹುದಾ? ಪೀಚ್, ಚೆರ್ರಿ ತಳಿ ಕೆಲಸದಲ್ಲಿ ಜೀನ್ ನಕ್ಷೆ

ಪ್ರಶ್ನೆ: ನಾನು ತೋಟಗಾರಿಕೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಅಮೆರಿಕ, ಸ್ಪೇನ್ ಕಡೆ ಪೀಚ್, ಚೆರ್ರಿ, ಏಪ್ರಿಕಾಟ್‌ನಂಥ ಗೊರಟೆ ಹಣ್ಣಿನ ಸಸಿಗಳ ಎಲೆಯಿಂದ ಡಿಎನ್‌ಎ ತೆಗೆದು, ಮರ ಹಣ್ಣು ಬಿಡುವ ಮೊದಲೇ ಹಣ್ಣು ಹೇಗಿರುತ್ತದೆ ಎಂದು ಹೇಳುತ್ತಾರಂತೆ. ಇದು ಎಷ್ಟು ನಿಜ? ಹಾಗೆ ಹೇಳಲು ಆಗುವುದಾದರೆ ಹೊಸ ತಳಿ ಬರಲು ಇನ್ನೂ ಯಾಕೆ 12–15 ವರ್ಷ ಬೇಕು? ನಮ್ಮ ಮಾವಿಗೂ ಈ ದಾರಿ ಆಗುತ್ತದಾ?

ಉತ್ತರ:

ಕೆಲವು ಗುಣಗಳ ಮಟ್ಟಿಗೆ ನೀವು ಕೇಳಿದ್ದು ಪೂರ್ತಿ ನಿಜ. ಸಸಿ ಇನ್ನೂ ಗೇಣುದ್ದ ಇರುವಾಗಲೇ ಒಂದೆರಡು ಎಲೆ ಕಿತ್ತು ಪರೀಕ್ಷೆ ಮಾಡಿ, "ಇದರ ಹಣ್ಣಿನ ಮೈಮೇಲೆ ರೋಮ ಇರುವುದಿಲ್ಲ, ತಿರುಳು ಹಳದಿ, ಹುಳಿ ಕಡಿಮೆ" ಎಂದು ಬರೆದಿಡಬಹುದು. ಮೂರು ವರ್ಷ ಕಾದು ಹಣ್ಣು ಕಿತ್ತಾಗ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಆದರೆ "ಇದು ಒಳ್ಳೆಯ ತಳಿ ಆಗುತ್ತದೆ" ಎಂದು ಎಲೆ ನೋಡಿ ಹೇಳಿದವರನ್ನು ನಾನು ಕಂಡಿಲ್ಲ. ಬೇಡದ ಸಸಿ ಯಾವುದು ಎಂದು ಎಲೆಯಿಂದ ಗೊತ್ತಾಗುತ್ತದೆ. ಬೇಕಾದ ಸಸಿ ಯಾವುದು ಎಂದು ಗೊತ್ತಾಗುವುದು ಹಣ್ಣು ಬಾಯಿಗೆ ಇಟ್ಟಾಗಲೇ. ಇವೆರಡರ ನಡುವಿನ ಅಂತರ ಅರ್ಥವಾದರೆ ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಸ್ವಲ್ಪ ಬಿಡಿಸಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಕಷ್ಟ ಎಲ್ಲಿದೆ ನೋಡೋಣ. ರಾಗಿಯಲ್ಲೋ ಭತ್ತದಲ್ಲೋ ಕ್ರಾಸ್ ಮಾಡಿದರೆ ಕೆಲವೇ ತಿಂಗಳಲ್ಲಿ ಮುಂದಿನ ತಲೆಮಾರು ಕಣ್ಣ ಮುಂದೆ ಇರುತ್ತದೆ. ಮರದಲ್ಲಿ ಹಾಗಿಲ್ಲ. ಪೀಚ್ ಬೀಜದ ಸಸಿ ಹಣ್ಣು ಬಿಡಲು ಸುಮಾರು ಮೂರು ವರ್ಷ, ಸಿಹಿ ಚೆರ್ರಿಗೆ ನಾಲ್ಕೈದು ವರ್ಷ. ಅಷ್ಟೂ ದಿನ ಪ್ರತಿ ಸಸಿಗೂ ಜಾಗ, ನೀರು, ಗೊಬ್ಬರ, ಸವರುವ ಕೂಲಿ ಬೇಕು. ಕೊನೆಗೆ ಹಣ್ಣು ಬಿಟ್ಟಾಗ ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಮರಗಳನ್ನು ಕಡಿದು ಹಾಕಬೇಕು. ನಾನು ಈ ಕೆಲಸ ಕಲಿತ ತೋಟದಲ್ಲಿ ಸಾಲುಗಟ್ಟಲೆ ಮರಗಳಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದೆವು, ಕಡಿಯಲು. ನಾವೇ ಪರಾಗ ಹಚ್ಚಿ, ಬೀಜ ಮೊಳೆಸಿ, ನಾಲ್ಕು ವರ್ಷ ಸಾಕಿದ ಮರಗಳು ಅವು. ಆ ಕೆಂಪು ಪಟ್ಟಿ ಕಟ್ಟುವಾಗಲೆಲ್ಲ ನನಗೆ ಅನ್ನಿಸುತ್ತಿದ್ದದ್ದು ಒಂದೇ, ಇದು ಮೊದಲೇ ಗೊತ್ತಾಗಿದ್ದರೆ ಈ ಜಾಗದಲ್ಲಿ ಬೇರೆ ಸಸಿ ಇರುತ್ತಿತ್ತಲ್ಲ ಅಂತ. ಜೀನ್ ನಕ್ಷೆ ಬೇಕಾಗುವುದು ಇಲ್ಲೇ.

ನಕ್ಷೆ ಅಂದರೆ ಏನು? ಪೀಚ್, ಸಿಹಿ ಚೆರ್ರಿ, ಏಪ್ರಿಕಾಟ್, ಬಾದಾಮಿ ಎಲ್ಲವೂ ಪ್ರೂನಸ್ ಎಂಬ ಒಂದೇ ಕುಲಕ್ಕೆ ಸೇರಿದವು, ಎಲ್ಲಕ್ಕೂ 8 ಜೊತೆ ಕ್ರೋಮೋಸೋಮ್. ಇವನ್ನು ಎಂಟು ರಸ್ತೆ ಎಂದುಕೊಳ್ಳಿ. ರಸ್ತೆಯುದ್ದಕ್ಕೂ ಮೈಲಿಗಲ್ಲುಗಳಿವೆ. ಡಿಎನ್‌ಎಯಲ್ಲಿ ಒಂದು ಮರಕ್ಕೂ ಇನ್ನೊಂದು ಮರಕ್ಕೂ ವ್ಯತ್ಯಾಸ ಇರುವ, ಪರೀಕ್ಷೆಯಲ್ಲಿ ಸುಲಭವಾಗಿ ಓದಲು ಸಿಗುವ ಜಾಗಗಳೇ ಈ ಮೈಲಿಗಲ್ಲುಗಳು. ಇವಕ್ಕೆ ಮಾರ್ಕರ್ ಎನ್ನುತ್ತೇವೆ. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಮದ್ದೂರಿನ ಕಲ್ಲು ಕಂಡರೆ ವಡೆ ಅಂಗಡಿ ಹತ್ತಿರದಲ್ಲೇ ಇದೆ ಎಂದು ಗೊತ್ತಾಗುತ್ತದೆ ಅಲ್ವಾ? ಕಲ್ಲೇ ವಡೆಯಲ್ಲ, ಆದರೂ ಕಲ್ಲು ನೋಡಿ ಗಾಡಿ ನಿಲ್ಲಿಸಬಹುದು. ಮಾರ್ಕರ್ ಕೂಡ ಹಾಗೇ. ಅದು ಗುಣವನ್ನು ಉಂಟುಮಾಡುವ ಜೀನ್ ಆಗಿರಲೇಬೇಕು ಎಂದೇನಿಲ್ಲ, ಪಕ್ಕದಲ್ಲಿ ಇದ್ದರೂ ಸಾಕು. ತಾಯಿ ತಂದೆಯ ಕ್ರೋಮೋಸೋಮ್ ತುಂಡುಗಳು ಮಕ್ಕಳಿಗೆ ಅದಲುಬದಲಾಗಿ ಹೋಗುವಾಗ, ಅಕ್ಕಪಕ್ಕ ಇದ್ದದ್ದು ಹೆಚ್ಚಾಗಿ ಜೊತೆಯಲ್ಲೇ ಹೋಗುತ್ತದೆ. ದೂರ ಇದ್ದದ್ದು ಬೇರೆಯಾಗುತ್ತದೆ. ಯಾವ ಕಲ್ಲು ಯಾವ ಗುಣದ ಜೊತೆ ಮತ್ತೆ ಮತ್ತೆ ಕಾಣಿಸುತ್ತದೆ ಎಂದು ಲೆಕ್ಕ ಹಾಕುವುದೇ ನಕ್ಷೆ ಬರೆಯುವ ಕೆಲಸ.

ಲೆಕ್ಕಕ್ಕೆ ಬೇಕಾದದ್ದು ಒಂದು ದೊಡ್ಡ ಕುಟುಂಬ, ಅಂದರೆ ಒಂದೇ ಕ್ರಾಸ್‌ನಿಂದ ಬಂದ ಸಸಿಗಳು, ಅದರಲ್ಲಿ ಗುಣ ಬೇರೆ ಬೇರೆ ಇರಬೇಕು. ತಾಯಿ ತಂದೆ ಒಂದೇ ಥರ ಇದ್ದರೆ ನೋಡಲು ಏನೂ ಇರುವುದಿಲ್ಲ. ಅದಕ್ಕೇ ಈ ಕುಲದ ಮೂಲ ನಕ್ಷೆಯನ್ನು ಬರೆದವರು 'ಟೆಕ್ಸಾಸ್' ಎಂಬ ಬಾದಾಮಿಯನ್ನೂ 'ಅರ್ಲಿಗೋಲ್ಡ್' ಎಂಬ ಪೀಚನ್ನೂ ಕ್ರಾಸ್ ಮಾಡಿ, ಅದರ ಎರಡನೇ ತಲೆಮಾರನ್ನು ಬಳಸಿದರು. ಬಾದಾಮಿ ಮತ್ತು ಪೀಚ್ ಕೂಡುತ್ತವಾ ಎಂದು ಆಶ್ಚರ್ಯ ಬೇಡ, ಕೂಡುತ್ತವೆ, ತುಂಬಾ ಹತ್ತಿರದ ನೆಂಟರು. ಆ ನಕ್ಷೆ ಪ್ರಕಟವಾದದ್ದು 1998ರಲ್ಲಿ. 2004ರ ಹೊತ್ತಿಗೆ ಬೇರೆ ಬೇರೆ ಪ್ರೂನಸ್ ನಕ್ಷೆಗಳನ್ನು ಜೋಡಿಸಿ ನೋಡಿದಾಗ 28 ಮುಖ್ಯ ಜೀನ್‌ಗಳ ಜಾಗ ಒಂದೇ ಹಾಳೆಯ ಮೇಲೆ ಬಂದಿತ್ತು. ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ ಏನೆಂದರೆ, ಪೀಚ್‌ನ ರಸ್ತೆಯ ಮೇಲೆ ಕಲ್ಲುಗಳು ಯಾವ ಕ್ರಮದಲ್ಲಿವೆಯೋ ಏಪ್ರಿಕಾಟ್‌ನಲ್ಲೂ ಚೆರ್ರಿಯಲ್ಲೂ ಬಹುಪಾಲು ಅದೇ ಕ್ರಮ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ದಾರಿ ತೋರಿಸುತ್ತದೆ. 2013ರಲ್ಲಿ ಪೀಚ್‌ನ ಇಡೀ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಪ್ರಕಟವಾಯಿತು, 'ಲೊವೆಲ್' ಎಂಬ ತಳಿಯದ್ದು. ಸುಮಾರು 23 ಕೋಟಿ ಅಕ್ಷರ. ಮನುಷ್ಯರದ್ದು ಇದರ ಹದಿಮೂರು ಪಟ್ಟು ದೊಡ್ಡದು. ಮರಗಳ ಲೆಕ್ಕದಲ್ಲಿ ಪೀಚ್‌ನದ್ದು ಚಿಕ್ಕ ಪುಸ್ತಕ, ಅದಕ್ಕೇ ಈ ಕುಲದಲ್ಲಿ ಎಲ್ಲರೂ ಮೊದಲು ಅದನ್ನೇ ತೆರೆದು ನೋಡುತ್ತಾರೆ.

ಈಗ ತೋಟದ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ವಿದ್ಯಾರ್ಥಿಗಳು ಇದನ್ನೇ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಡಿಎನ್‌ಎ ಓದುವ ಕೆಲಸ ಈಗ ಯಂತ್ರ ಮಾಡುತ್ತದೆ. 2012ರಲ್ಲೇ ಪೀಚ್‌ಗೆ 9 ಸಾವಿರ, ಚೆರ್ರಿಗೆ 6 ಸಾವಿರ ಮಾರ್ಕರ್‌ಗಳನ್ನು ಒಟ್ಟಿಗೆ ಓದುವ ಚಿಪ್‌ಗಳು ಬಂದಿದ್ದವು. ಆದರೆ ಆ ಕುಟುಂಬದ ಒಂದೊಂದು ಮರದ ಹಣ್ಣನ್ನೂ ಸರಿಯಾದ ದಿನ ಕಿತ್ತು, ತೂಗಿ, ಅಗಲ ಅಳೆದು, ಗಟ್ಟಿತನ ನೋಡಿ, ರಸ ಹಿಂಡಿ ಸಕ್ಕರೆ ಅಂಶ ಓದಿ, ಕಚ್ಚಿ ರುಚಿ ಬರೆದುಕೊಳ್ಳುವುದು ಮನುಷ್ಯರೇ. ಅದೂ ಕನಿಷ್ಠ ಎರಡು ಮೂರು ವರ್ಷ, ಯಾಕೆಂದರೆ ಒಂದು ವರ್ಷ ಮಳೆ ಜಾಸ್ತಿ, ಇನ್ನೊಂದು ವರ್ಷ ಬಿಸಿಲು. ಎರಡು ದಿನ ತಡವಾಗಿ ಕಿತ್ತರೆ ಪೀಚ್‌ನ ಗಟ್ಟಿತನದ ಅಂಕಿ ಪೂರಾ ಬದಲಾಗುತ್ತದೆ. ನಲವತ್ತು ಹಣ್ಣು ಕಚ್ಚಿದ ಮೇಲೆ ನಾಲಿಗೆಗೆ ಹುಳಿಯೂ ತಿಳಿಯುವುದಿಲ್ಲ, ಸಿಹಿಯೂ ತಿಳಿಯುವುದಿಲ್ಲ, ಅಲ್ಲಿಗೆ ನಿಲ್ಲಿಸಬೇಕು. ನಾನಿದ್ದ ಕಡೆ ಒಂದು ವಸಂತದಲ್ಲಿ ಹೂ ಬಿಟ್ಟ ಮೇಲೆ ಮಂಜು ಬಿದ್ದು ಇಡೀ ಕುಟುಂಬದ ಒಂದು ವರ್ಷದ ಅಂಕಿ ಹೋಯಿತು.

ಇನ್ನೊಂದು ಸಲ ಆದದ್ದು ಇನ್ನೂ ಬೇಸರದ್ದು. ಒಂದು ಕ್ರಾಸ್‌ನ ಸಸಿಗಳ ಡಿಎನ್‌ಎ ಬಂದಾಗ ನೋಡಿದರೆ ಎಷ್ಟೋ ಸಸಿಗಳಿಗೆ ನಾವು ಬರೆದುಕೊಂಡ ತಂದೆ ತಂದೆಯೇ ಅಲ್ಲ. ಪೀಚ್ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಮೊಗ್ಗು ಬಿರಿಯುವ ಮೊದಲೇ ಕೇಸರಗಳನ್ನು ಪೂರ್ತಿ ತೆಗೆಯದಿದ್ದರೆ ನಾವು ತಂದು ಹಚ್ಚುವ ಪರಾಗಕ್ಕಿಂತ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ಆ ಸಸಿಗಳಿಗೆ ಮೂರು ವರ್ಷ ನೀರು ಹಾಕಿದ್ದೆವು. ಆಮೇಲಿಂದ ಸಸಿ ತೋಟಕ್ಕೆ ಹೋಗುವ ಮೊದಲೇ ತಂದೆ ತಾಯಿ ಪರೀಕ್ಷೆ ಮಾಡಿಸದೆ ನಾನು ಒಂದು ಗುಂಡಿಯನ್ನೂ ತೋಡಿಸಿಲ್ಲ. ಮಾರ್ಕರ್‌ಗಳ ಮೊದಲ ಉಪಯೋಗ ಇದೇ ಎಂದು ನಾನು ಹೇಳುತ್ತೇನೆ. ದೊಡ್ಡ ದೊಡ್ಡ ಜೀನ್ ಹುಡುಕುವುದು ಆಮೇಲಿನ ಮಾತು.

ಅಮೆರಿಕದಲ್ಲಿ 2009ರಲ್ಲಿ ರೋಸ್‌ಬ್ರೀಡ್ ಎಂಬ ಯೋಜನೆ ಶುರುವಾಯಿತು, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಏಮಿ ಇಯೆಜೋನಿ ಅವರ ಮುಂದಾಳತ್ವದಲ್ಲಿ. ಸೇಬು, ಪೀಚ್, ಚೆರ್ರಿ, ಸ್ಟ್ರಾಬೆರಿ ತಳಿ ಕೆಲಸ ಮಾಡುವವರನ್ನೂ ಲ್ಯಾಬಿನವರನ್ನೂ ಒಂದೇ ಮೇಜಿಗೆ ಕೂರಿಸಿದ ಕೆಲಸ ಅದು. ಅಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಮಾರ್ಕರ್‌ಗಳಿಗಿಂತ ಅಳತೆಯ ಶಿಸ್ತು. ಬೇರೆ ಬೇರೆ ರಾಜ್ಯದ ತೋಟಗಳಲ್ಲಿ ಎಲ್ಲರೂ ಒಂದೇ ರೀತಿಯಲ್ಲಿ ಹಣ್ಣು ಅಳೆದರು. ಹಾಗಾಗಿ ಒಬ್ಬರ ಅಂಕಿ ಇನ್ನೊಬ್ಬರ ಅಂಕಿಯ ಜೊತೆ ಸೇರಿತು, ಚಿಕ್ಕ ಚಿಕ್ಕ ಕುಟುಂಬಗಳು ಕೂಡಿ ಒಂದು ದೊಡ್ಡ ವಂಶವೃಕ್ಷವಾಯಿತು.

ಈಗ ಎಲೆಯಿಂದ ಹೇಳಬಹುದಾದ ಗುಣಗಳಿಗೆ ಬರೋಣ. ಪೀಚ್‌ಗೂ ನೆಕ್ಟರಿನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಜೀನ್, 5ನೇ ಕ್ರೋಮೋಸೋಮ್ ಮೇಲೆ. ರೋಮ ಬೆಳೆಸುವ ಜೀನ್ ಒಳಗೆ ಒಂದು ಅಲೆಮಾರಿ ಡಿಎನ್‌ಎ ತುಂಡು ಬಂದು ಕೂತು ಜೀನ್ ಕೆಟ್ಟಿದೆ. ಆ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದರೆ ನುಣುಪು ಹಣ್ಣು, ಅದೇ ನೆಕ್ಟರಿನ್. ಹಳದಿ ತಿರುಳಿನ ಕಥೆಯೂ ಅಂಥದ್ದೇ. 1ನೇ ಕ್ರೋಮೋಸೋಮ್ ಮೇಲಿನ ಒಂದು ಜೀನ್ ಹಳದಿ ಬಣ್ಣವನ್ನು ಒಡೆದುಹಾಕುತ್ತದೆ, ಆಗ ತಿರುಳು ಬಿಳಿ. ಆ ಜೀನ್ ಕೆಟ್ಟರೆ ಬಣ್ಣ ಉಳಿಯುತ್ತದೆ, ತಿರುಳು ಹಳದಿ. ಇದು ಒಂದಲ್ಲ, ಬೇರೆ ಬೇರೆ ಮೂರು ರೀತಿಯಲ್ಲಿ ಕೆಟ್ಟಿರುವುದನ್ನು ಕಂಡುಕೊಂಡಿದ್ದಾರೆ. ಅಂದರೆ ಹಳದಿ ಪೀಚ್ ಒಂದಕ್ಕಿಂತ ಹೆಚ್ಚು ಸಲ ಹುಟ್ಟಿದೆ, ಪ್ರತಿ ಸಲವೂ ಜನ ಅದನ್ನು ಮೆಚ್ಚಿ ಉಳಿಸಿಕೊಂಡಿದ್ದಾರೆ. ಪರೀಕ್ಷೆ ಮಾಡುವವರಿಗೆ ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಒಂದೇ ಬಗೆಯ ಕೆಡುಕನ್ನು ಹುಡುಕುವ ಮಾರ್ಕರ್ ಇಟ್ಟುಕೊಂಡರೆ ಉಳಿದೆರಡು ಬಗೆಯ ಹಳದಿ ಹಣ್ಣು ನಿಮ್ಮ ಕಣ್ಣು ತಪ್ಪಿಸುತ್ತವೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ 4ನೇ ಕ್ರೋಮೋಸೋಮ್‌ನದ್ದು. ಪೀಚ್‌ನಲ್ಲಿ ಕೆಲವದರ ಗೊರಟೆ ತಿರುಳಿನಿಂದ ಸಲೀಸಾಗಿ ಬಿಡುತ್ತದೆ, ಕೆಲವದರಲ್ಲಿ ಅಂಟಿಕೊಂಡೇ ಇರುತ್ತದೆ. ಹಾಗೇ ಕೆಲವು ಹಣ್ಣು ಮಾಗಿದಾಗ ಬಾಯಲ್ಲಿ ಕರಗುತ್ತವೆ, ಕೆಲವು ಮಾಗಿದರೂ ಗಟ್ಟಿಯಾಗಿ, ರಬ್ಬರಿನ ಹಾಗೆ ನಿಲ್ಲುತ್ತವೆ. ಈ ಗಟ್ಟಿ ಜಾತಿಯೇ ಡಬ್ಬಿಯಲ್ಲಿ ಬರುವ ಪೀಚ್, ಸಕ್ಕರೆ ಪಾಕದಲ್ಲಿ ಬೇಯಿಸಿದರೂ ಹೋಳು ಹೋಳಾಗೇ ಇರುತ್ತದೆ. ಬಹಳ ಕಾಲ ಇವೆರಡನ್ನೂ ಬೇರೆ ಬೇರೆ ಜೀನ್‌ಗಳ ಕೆಲಸ ಎಂದು ತಿಳಿದಿದ್ದರು. ಆದರೆ ಒಂದು ಒಗಟು ಉಳಿದಿತ್ತು. ಗೊರಟೆ ಬಿಡುವ, ಆದರೆ ತಿರುಳು ಗಟ್ಟಿ ಇರುವ ಮರ ಎಷ್ಟು ಕ್ರಾಸ್ ಮಾಡಿದರೂ ಬರುತ್ತಿರಲಿಲ್ಲ. ನಕ್ಷೆ ಮೇಲೆ ನೋಡಿದಾಗ ಎರಡೂ ಗುಣ ಒಂದೇ ಜಾಗದಲ್ಲಿ ಇದ್ದವು. ತಿರುಳಿನ ಜೀವಕೋಶಗಳನ್ನು ಅಂಟಿಸುವ ಪೆಕ್ಟಿನ್ ಅನ್ನು ಕರಗಿಸುವ ಕಿಣ್ವದ ಜೀನ್ ಅಲ್ಲಿದೆ. ಆ ಕಿಣ್ವ ಪೂರ್ತಿ ಕೆಲಸ ಮಾಡಿದರೆ ತಿರುಳೂ ಕರಗುತ್ತದೆ, ಗೊರಟೆಯೂ ಬಿಡುತ್ತದೆ. ಅರ್ಧ ಕೆಲಸ ಮಾಡಿದರೆ ತಿರುಳು ಕರಗುತ್ತದೆ, ಗೊರಟೆ ಅಂಟಿರುತ್ತದೆ. ಕೆಲಸವೇ ಮಾಡದಿದ್ದರೆ ಎರಡೂ ಗಟ್ಟಿ. ಇದು ತಿಳಿದ ಮೇಲೆ ಸಿಗದ ಜೋಡಿಗಾಗಿ ವರ್ಷಗಟ್ಟಲೆ ಸುಮ್ನೆ ಕ್ರಾಸ್ ಮಾಡುವ ಶ್ರಮ ಉಳಿಯಿತು. ಏನು ಸಿಗುತ್ತದೆ ಎಂದು ಹೇಳುವಷ್ಟೇ, ಏನು ಸಿಗುವುದಿಲ್ಲ ಎಂದು ಹೇಳುವುದೂ ನಕ್ಷೆಯ ಉಪಕಾರ.

ಲೆಕ್ಕ ಹಾಕಿ ನೋಡಿ. ನಿಮಗೆ ಹಳದಿ ತಿರುಳಿನ ನೆಕ್ಟರಿನ್ ಬೇಕು. ನಿಮ್ಮ ತಾಯಿ ತಂದೆ ಮರಗಳೆರಡೂ ರೋಮ ಇರುವ ಬಿಳಿ ಪೀಚ್, ಆದರೆ ಎರಡೂ ಗುಣದ ಅಡಗಿದ ಪ್ರತಿ ಒಂದೊಂದನ್ನು ಹೊತ್ತಿವೆ. ನುಣುಪು ಬರುವುದು ನಾಲ್ಕರಲ್ಲಿ ಒಂದಕ್ಕೆ, ಹಳದಿ ಬರುವುದು ನಾಲ್ಕರಲ್ಲಿ ಒಂದಕ್ಕೆ. ಎರಡೂ ಜೀನ್ ಬೇರೆ ಬೇರೆ ಕ್ರೋಮೋಸೋಮ್ ಮೇಲೆ ಇರುವುದರಿಂದ ಎರಡೂ ಕೂಡಿ ಬರುವುದು ಹದಿನಾರರಲ್ಲಿ ಒಂದಕ್ಕೆ. 1000 ಸಸಿಯಲ್ಲಿ ಸುಮಾರು 62. ಉಳಿದ 938 ಸಸಿಗಳು ಟ್ರೇಯಲ್ಲೇ ನಿಂತರೆ ಎಷ್ಟು ಎಕರೆ, ಎಷ್ಟು ವರ್ಷದ ಕೂಲಿ ಉಳಿಯಿತು! ಅದೇ ಜಾಗದಲ್ಲಿ ಇನ್ನೂ ಹದಿನೈದು ಕ್ರಾಸ್‌ಗಳಿಂದ ತಲಾ ಇಂಥದೇ 62 ಸಸಿ ನೆಡಬಹುದು. ಅಂದರೆ ರುಚಿ ನೋಡಲು ಸಿಗುವ ಮರಗಳಲ್ಲಿ ಪ್ರತಿಯೊಂದೂ ಹಳದಿ ನೆಕ್ಟರಿನ್ನೇ. ಆಯ್ಕೆಗೆ ಸಿಗುವ ಸಂಖ್ಯೆ ಹದಿನಾರು ಪಟ್ಟು ಆಯಿತು.

ಚೆರ್ರಿಯಲ್ಲಿ ಇದಕ್ಕಿಂತ ಉಪಯೋಗದ ಮಾರ್ಕರ್ ಇದೆ. ಸಿಹಿ ಚೆರ್ರಿ ಸಾಮಾನ್ಯವಾಗಿ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ತೋಟದಲ್ಲಿ ಬೇರೆ ತಳಿಯ ಮರ ಇರಬೇಕು, ಅದೂ ಅದೇ ದಿನಗಳಲ್ಲಿ ಹೂ ಬಿಡಬೇಕು, ಜೇನು ಹಾರಬೇಕು. ಹೂವಿನ ಕಾಲದಲ್ಲಿ ಮೂರು ದಿನ ಮಳೆ ಬಂದರೆ ಆ ವರ್ಷದ ಫಸಲು ಹೋಯಿತು. ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ಪರಾಗಕ್ಕೆ ಎಕ್ಸ್-ರೇ ಕೊಟ್ಟು ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಸಸಿಗಳನ್ನು ಪಡೆದರು. ಅದರ ಸಂತತಿಯಿಂದ ಕೆನಡಾದ ಸಮ್ಮರ್‌ಲ್ಯಾಂಡ್‌ನಲ್ಲಿ 1968ರಲ್ಲಿ 'ಸ್ಟೆಲ್ಲಾ' ಎಂಬ ತಳಿ ಬಂತು. ಇವತ್ತು ಬೆಳೆಯುವ ಎಷ್ಟೋ ಸ್ವಪರಾಗದ ಚೆರ್ರಿಗಳು, 'ಲ್ಯಾಪಿನ್ಸ್', 'ಸ್ವೀಟ್‌ಹಾರ್ಟ್' ಸೇರಿ, ಆ ಸ್ಟೆಲ್ಲಾದ ವಂಶ. ಆಗ ಎಕ್ಸ್-ರೇಯಿಂದ ಆದ ಬದಲಾವಣೆ ಕೇವಲ 4 ಅಕ್ಷರ ಬಿಟ್ಟುಹೋದದ್ದು, 6ನೇ ಕ್ರೋಮೋಸೋಮ್ ಮೇಲೆ, ಪರಾಗದ ಕಡೆಯ ಜೀನ್‌ನಲ್ಲಿ. ಇಲ್ಲಿ ಮಾರ್ಕರ್ ಪಕ್ಕದ ಕಲ್ಲಲ್ಲ, ವಡೆ ಅಂಗಡಿಯೇ. 'ಬಿಂಗ್' ಚೆರ್ರಿಗೆ ಲ್ಯಾಪಿನ್ಸ್ ಪರಾಗ ಹಚ್ಚಿದರೆ ಅರ್ಧ ಸಸಿಗೆ ಈ ಗುಣ ಬರುತ್ತದೆ. ಯಾವ ಅರ್ಧ ಎಂದು ಹಸಿರುಮನೆಯಲ್ಲೇ ಹೇಳಬಹುದು. ಹಳೇ ರೀತಿಯಲ್ಲಿ ಮಾಡಿದರೆ ಐದು ವರ್ಷ ಕಾದು, ಹೂಗೊಂಚಲಿಗೆ ಚೀಲ ಕಟ್ಟಿ, ಕಾಯಿ ಕಟ್ಟುತ್ತದಾ ಎಂದು ನೋಡಬೇಕಿತ್ತು.

ಎಲ್ಲವೂ ಇಷ್ಟು ಸಲೀಸಾಗಿದ್ದರೆ ನಿಮ್ಮ ಎರಡನೇ ಪ್ರಶ್ನೆಯೇ ಬರುತ್ತಿರಲಿಲ್ಲ. ಶಾರ್ಕಾ ಎಂಬ ವೈರಸ್ ರೋಗವನ್ನು ತೆಗೆದುಕೊಳ್ಳಿ. ಸುಮಾರು ನೂರು ವರ್ಷದ ಹಿಂದೆ ಬಲ್ಗೇರಿಯಾದಲ್ಲಿ ಪ್ಲಮ್ ಮರಗಳಲ್ಲಿ ಕಾಣಿಸಿಕೊಂಡು ಯುರೋಪಿನ ಉದ್ದಗಲಕ್ಕೂ ಹರಡಿದ ಪಿಡುಗು. ಗಿಡಹೇನು ಹರಡುತ್ತದೆ, ಬಂದ ಮರಕ್ಕೆ ಔಷಧಿ ಇಲ್ಲ, ಕಿತ್ತು ಸುಡಬೇಕು. ಏಪ್ರಿಕಾಟ್‌ನಲ್ಲಿ ತಡೆಯುವ ಶಕ್ತಿ ಸಿಕ್ಕಿದ್ದು 'ಸ್ಟಾರ್ಕ್ ಅರ್ಲಿ ಆರೆಂಜ್', 'ಗೋಲ್ಡ್‌ರಿಚ್' ಥರದ ಉತ್ತರ ಅಮೆರಿಕದ ತಳಿಗಳಲ್ಲಿ. ಆ ಜಾಗ 1ನೇ ಕ್ರೋಮೋಸೋಮ್‌ನ ಮೇಲ್ತುದಿಯಲ್ಲಿದೆ. ಒಂದು ಸಸಿಗೆ ತಡೆ ಇದೆಯೋ ಇಲ್ಲವೋ ಎಂದು ನೇರವಾಗಿ ಪರೀಕ್ಷಿಸಲು ರೋಗ ತಗುಲಿಸಿದ ಪೀಚ್ ಸಸಿಗೆ ಕಸಿ ಕಟ್ಟಿ, ಚಳಿಗಾಲ ದಾಟಿಸಿ, ಮತ್ತೆ ಚಿಗುರಿಸಿ, ಮತ್ತೆ ಮತ್ತೆ ನೋಡಬೇಕು. ವರ್ಷಗಳೇ ಬೇಕು. ಹಾಗಾಗಿ ಸ್ಪೇನಿನ ವೆಲೆನ್ಸಿಯಾ, ಮುರ್ಸಿಯಾದ ತಳಿ ಕೆಲಸದಲ್ಲಿ ಮಾರ್ಕರ್ ಇಲ್ಲದ ಸಸಿಗಳನ್ನು ಮೊದಲೇ ತೆಗೆದುಹಾಕುತ್ತಾರೆ. ಅಲ್ಲಿಯವರೆಗೆ ಸರಿ. ಆದರೆ ಮಾರ್ಕರ್ ಇದ್ದೂ ರೋಗ ಬಂದ ಮರಗಳು ಸಿಕ್ಕಿವೆ. ಇನ್ನೂ ಯಾವುದೋ ಜೀನ್ ಜೊತೆಗೂಡಬೇಕು ಎಂದು ಕಾಣುತ್ತದೆ. ಅದಕ್ಕೇ ಮಾರ್ಕರ್ ಪಾಸಾದ ಸಸಿಗಳಿಗೂ ನಿಜವಾದ ವೈರಸ್ ಪರೀಕ್ಷೆ ತಪ್ಪುವುದಿಲ್ಲ.

ಇನ್ನು ಸಿಹಿ, ಗಾತ್ರ, ಪರಿಮಳ, ಇಳುವರಿ. ಇವು ಒಂದು ಜೀನ್‌ನ ಮಾತಲ್ಲ. ಚೆರ್ರಿ ಗಾತ್ರಕ್ಕೆ 2ನೇ ಕ್ರೋಮೋಸೋಮ್ ಮೇಲೆ ಒಂದು ಗಟ್ಟಿ ಜಾಗ ಸಿಕ್ಕಿದೆ, ಅದು ಬಹಳ ಕೆಲಸಕ್ಕೆ ಬರುತ್ತದೆ, ಆದರೂ ಗಾತ್ರ ಪೂರ್ತಿ ಅದರ ಕೈಯಲ್ಲಿಲ್ಲ. ಪೀಚ್‌ನಲ್ಲಿ ಹಣ್ಣು ಯಾವಾಗ ಮಾಗುತ್ತದೆ ಎಂಬುದಕ್ಕೆ 4ನೇ ಕ್ರೋಮೋಸೋಮ್ ಮೇಲೆ ದೊಡ್ಡ ಜಾಗವಿದೆ. ಅದೇ ಜಾಗದಲ್ಲಿ ಗಾತ್ರಕ್ಕೂ ಸಕ್ಕರೆಗೂ ಪರಿಣಾಮ ಕಾಣಿಸುತ್ತದೆ. ಹೊಸಬರು ಇದನ್ನು ನೋಡಿ "ಸಕ್ಕರೆ ಜೀನ್ ಸಿಕ್ಕಿತು" ಎಂದು ಕುಣಿಯುತ್ತಾರೆ. ಸ್ವಲ್ಪ ತಾಳಿ. ಮರದ ಮೇಲೆ ಜಾಸ್ತಿ ದಿನ ಇದ್ದ ಹಣ್ಣು ಜಾಸ್ತಿ ಸಕ್ಕರೆ ತುಂಬಿಕೊಂಡಿರಬಹುದು ಅಷ್ಟೇ. ಆ ಮಾರ್ಕರ್ ಹಿಡಿದು ಸಿಹಿಯ ಕಡೆ ಹೊರಟರೆ ನಿಮ್ಮ ತಳಿಗಳೆಲ್ಲ ತಡವಾಗಿ ಮಾಗುತ್ತವೆ, ಸೀಸನ್ ಶುರುವಿನಲ್ಲಿ ಒಳ್ಳೆಯ ಬೆಲೆ ಇರುವಾಗ ನಿಮ್ಮ ಬಳಿ ಹಣ್ಣೇ ಇರುವುದಿಲ್ಲ. ಇಂಥ ಕಡೆ ಈಗ ಒಂದೊಂದು ಮಾರ್ಕರ್ ನೋಡದೆ, ಸಾವಿರಾರು ಮಾರ್ಕರ್‌ಗಳ ಸಣ್ಣ ಸಣ್ಣ ಪರಿಣಾಮವನ್ನು ಕೂಡಿಸಿ ಒಂದು ಅಂಕ ಕೊಡುವ ರೀತಿ ಬಂದಿದೆ. ಪೀಚ್, ಏಪ್ರಿಕಾಟ್‌ನಲ್ಲಿ ಪ್ರಯೋಗಗಳು ನಡೆದಿವೆ. ಒಳ್ಳೆಯ ದಾರಿಯೇ. ಆದರೆ ಆ ಲೆಕ್ಕಕ್ಕೂ ಮೊದಲು ನೂರಾರು ಮರದ ಹಣ್ಣು ಅಳೆದ ಅಂಕಿ ಬೇಕು, ಮತ್ತು ಅಳೆದ ಮರಗಳ ನೆಂಟರಲ್ಲಿ ಮಾತ್ರ ಆ ಲೆಕ್ಕ ಚೆನ್ನಾಗಿ ನಡೆಯುತ್ತದೆ.

ಚಳಿಯ ವಿಷಯ ನಮಗೆ ಹತ್ತಿರದ್ದು, ಅದನ್ನು ಬಿಡಲಾರೆ. ಈ ಮರಗಳು ಚಳಿಗಾಲದಲ್ಲಿ ಮಲಗುತ್ತವೆ. 7 ಡಿಗ್ರಿಗಿಂತ ಕಡಿಮೆ ಚಳಿ ಇಷ್ಟು ಗಂಟೆ ಆಯಿತು ಎಂದು ಎಣಿಸಿಕೊಂಡ ಮೇಲೇ ಏಳುತ್ತವೆ. ಕೆಲವು ಪೀಚ್‌ಗೆ ಸಾವಿರ ಗಂಟೆ ಬೇಕು, ಫ್ಲೋರಿಡಾದಲ್ಲಿ ಬೆಳೆಸಿದ 'ಫ್ಲೋರ್ಡಾಪ್ರಿನ್ಸ್' ಥರದ್ದಕ್ಕೆ ನೂರೈವತ್ತು ಸಾಕು. ಪಂಜಾಬಿನ ಬಯಲಿನಲ್ಲಿ ಪೀಚ್ ಬೆಳೆಯುವುದು, ನಮ್ಮ ಪಕ್ಕದ ನೀಲಗಿರಿಯ ಕೂನೂರು ಕಡೆ ಪೀಚ್, ಪ್ಲಮ್ ಮರಗಳು ಇರುವುದು ಇಂಥ ಕಡಿಮೆ ಚಳಿಯ ಗುಣದಿಂದಲೇ. ಇದರ ಜೀನ್ ಸಿಕ್ಕ ಬಗೆ ಚೆನ್ನಾಗಿದೆ. ಮೆಕ್ಸಿಕೋದಲ್ಲಿ ಒಂದು ಬಗೆಯ ಪೀಚ್ ಮರ ಚಳಿಗಾಲದಲ್ಲೂ ಮಲಗದೆ ಚಿಗುರುತ್ತಲೇ ಇತ್ತು. ಅದರ ಮಕ್ಕಳ ನಕ್ಷೆ ಬರೆದು ಹಿಂಬಾಲಿಸಿದಾಗ 1ನೇ ಕ್ರೋಮೋಸೋಮ್ ಮೇಲೆ ಸಾಲಾಗಿ ನಿಂತ ಆರು ಅವಳಿಯಂಥ ಜೀನ್‌ಗಳು ಸಿಕ್ಕವು. ಆ ಮರದಲ್ಲಿ ಅವುಗಳ ಸಾಲಿನಿಂದ ಒಂದು ದೊಡ್ಡ ತುಂಡೇ ಕಳೆದುಹೋಗಿತ್ತು. 2008ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಸಾಮಾನ್ಯ ಪೀಚ್ ಕುಟುಂಬಗಳಲ್ಲಿ ಚಳಿ ಎಷ್ಟು ಬೇಕು ಎಂಬುದನ್ನು ನಕ್ಷೆ ಮಾಡಿದಾಗಲೂ ದೊಡ್ಡ ಪಾಲು ಅದೇ ಜಾಗದಲ್ಲಿ ಬಿತ್ತು. ಚಳಿಗಾಲ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಹಿಮಾಚಲ, ಕಾಶ್ಮೀರದ ಬೆಳೆಗಾರರಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಇನ್ನೂ 12–15 ವರ್ಷ ಯಾಕೆ? ಮಾರ್ಕರ್‌ನಿಂದ ಸಸಿಗಳ ಗುಂಪು ಸಣ್ಣದಾಗುತ್ತದೆ, ಕ್ಯಾಲೆಂಡರ್ ಸಣ್ಣದಾಗುವುದಿಲ್ಲ. ಉಳಿದ 62 ಸಸಿಗಳೂ ಹಣ್ಣು ಬಿಡಲು ಮೂರು ವರ್ಷ ತೆಗೆದುಕೊಳ್ಳುತ್ತವೆ. ಅದರಲ್ಲಿ ಆರಿಸಿದ ಎರಡೋ ಮೂರೋ ಮರಗಳನ್ನು ಕಸಿ ಕಟ್ಟಿ ಬೇರೆ ಬೇರೆ ಊರಿನಲ್ಲಿ ನೆಟ್ಟು, ಅಲ್ಲಿಯ ಮಣ್ಣು, ಚಳಿ, ಮಳೆಯಲ್ಲಿ ಹಲವು ವರ್ಷ ನೋಡಬೇಕು. ಲಾರಿಯಲ್ಲಿ ಹೋದರೆ ಹಣ್ಣು ಜಜ್ಜುತ್ತದಾ, ಕೋಲ್ಡ್ ಸ್ಟೋರೇಜ್‌ನಲ್ಲಿ ಎರಡು ವಾರ ಇಟ್ಟರೆ ಒಳಗೆ ಕಂದುತ್ತದಾ ನೋಡಬೇಕು. ವೈರಸ್ ಇಲ್ಲದ ಕಸಿ ಕಡ್ಡಿ ತಯಾರಾಗಬೇಕು. ಇದರಲ್ಲಿ ಯಾವುದನ್ನು ಬಿಟ್ಟರೂ ಪೆಟ್ಟು ತಿನ್ನುವುದು ರೈತ. ಮರ ನೆಟ್ಟವನು ಮುಂದಿನ ವರ್ಷ ಬೇರೆ ಬೀಜ ಬಿತ್ತುತ್ತೇನೆ ಅನ್ನುವ ಹಾಗಿಲ್ಲವಲ್ಲ.

ನಿಜವಾಗಿ ಕಾಲ ಉಳಿಯುವುದು ಎರಡು ಕಡೆ. ಒಂದು, ತಾಯಿ ತಂದೆ ಆರಿಸುವಾಗ. ಅಡಗಿರುವ ಗುಣ ಯಾವ ಮರದಲ್ಲಿದೆ ಎಂದು ಗೊತ್ತಿದ್ದರೆ ಹುಡುಕಾಟಕ್ಕೆ ಒಂದು ತಲೆಮಾರು ಕಳೆಯಬೇಕಿಲ್ಲ. ಇನ್ನೊಂದು, ಕಾಡು ಜಾತಿಯಿಂದ ರೋಗ ತಡೆಯುವ ಒಂದೇ ಜೀನ್ ತಂದು, ಅದರ ಜೊತೆ ಬರುವ ಕಹಿ, ಸಣ್ಣ ಗಾತ್ರವನ್ನೆಲ್ಲ ತೊಳೆಯಲು ಮತ್ತೆ ಮತ್ತೆ ಒಳ್ಳೆಯ ತಳಿಗೆ ಕ್ರಾಸ್ ಮಾಡುವಾಗ. ಅಮೆರಿಕದ ಕೆರ್ನಿಸ್‌ವಿಲ್‌ನ ಸರ್ಕಾರಿ ಸಂಶೋಧನಾ ಕೇಂದ್ರದವರು ಪ್ಲಮ್‌ಗೆ ಪಾಪ್ಲರ್ ಮರದ ಬೇಗ ಹೂ ಬಿಡಿಸುವ ಜೀನ್ ಸೇರಿಸಿ, ಹಸಿರುಮನೆಯಲ್ಲಿ ಒಂದು ವರ್ಷದೊಳಗೇ ಹೂ ಬರಿಸಿದರು. ಪ್ರತಿ ತಲೆಮಾರಿನಲ್ಲೂ ಮಾರ್ಕರ್ ನೋಡಿ ಆರಿಸಿ, ಕೊನೆಯಲ್ಲಿ ಆ ಸೇರಿಸಿದ ಜೀನ್ ಬಾರದ ಸಸಿಗಳನ್ನು ಮಾತ್ರ ಇಟ್ಟುಕೊಳ್ಳುವುದು ಅವರ ಯೋಜನೆ. ನಕ್ಷೆ ಇಲ್ಲದೆ ಇಂಥ ಓಟ ಕುರುಡು ಓಟ ಆಗುತ್ತಿತ್ತು.

ಈಗ ಮಾವು. ಮಾವೂ ಗೊರಟೆ ಹಣ್ಣೇ, ಆದರೆ ಪ್ರೂನಸ್ ಕುಲಕ್ಕೆ ಸೇರಿದ್ದಲ್ಲ, ಅದರ ನೆಂಟ ಗೇರು. ಪೀಚ್‌ನ ಮಾರ್ಕರ್ ತಂದು ಮಾವಿನಲ್ಲಿ ಹಾಕಿದರೆ ಏನೂ ಸಿಗುವುದಿಲ್ಲ, ಆದರೆ ಕೆಲಸದ ರೀತಿ ಪೂರ್ತಿ ಬರುತ್ತದೆ. ಕಷ್ಟಗಳು ಮಾತ್ರ ಜಾಸ್ತಿ. 20 ಜೊತೆ ಕ್ರೋಮೋಸೋಮ್. ಒಂದು ಹೂಗೊಂಚಲಿನಲ್ಲಿ ಸಾವಿರಾರು ಹೂ, ಅದರಲ್ಲಿ ಬಹಳಷ್ಟು ಗಂಡು ಹೂ, ಕೊನೆಗೆ ನಿಲ್ಲುವುದು ಬೆರಳೆಣಿಕೆಯ ಕಾಯಿ. ಕೈಯಿಂದ ಕ್ರಾಸ್ ಮಾಡಿ ಇನ್ನೂರು ಸಸಿಯ ಕುಟುಂಬ ಪಡೆಯುವುದೇ ದೊಡ್ಡ ಸಾಹಸ. ಕರಾವಳಿಯ ಕೆಲವು ಮಾವುಗಳಲ್ಲಿ ಒಂದೇ ಓಟೆಯಿಂದ ನಾಲ್ಕೈದು ಸಸಿ ಬರುತ್ತವೆ, ಹೆಚ್ಚಿನವು ತಾಯಿಯ ಪಡಿಯಚ್ಚು, ಕ್ರಾಸ್‌ನ ಸಸಿ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅದನ್ನು ಬೇರ್ಪಡಿಸಲು ಮಾರ್ಕರ್ ಬೇಕೇ ಬೇಕು.

ಆದರೂ ನೀವು ಕೂತಿರುವ ರಾಜ್ಯದಲ್ಲೇ ಒಂದು ಒಳ್ಳೆಯ ಸೌಕರ್ಯ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪುನೀತ್, ಅರ್ಕಾ ಅರುಣಾ, ಅರ್ಕಾ ಅನ್ಮೋಲ್, ಅರ್ಕಾ ನೀಲಕಿರಣ್ ನಾಲ್ಕಕ್ಕೂ ಒಂದು ಕಡೆಯಿಂದ ತಾಯಿಯೋ ತಂದೆಯೋ ಆಪೂಸು, ನಾವು ಬಾದಾಮಿ ಅನ್ನುವ ಮಾವು. ಆಪೂಸಿನ ಜೀನೋಮ್ 2020ರಲ್ಲಿ ಪ್ರಕಟವಾಗಿದೆ. ಆಪೂಸಿಗೆ ತಿರುಳು ಒಳಗೊಳಗೇ ಸ್ಪಂಜಿನ ಹಾಗೆ ಕೆಡುವ ತೊಂದರೆ ಇದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಬಂಗನಪಲ್ಲಿ ಜೊತೆಗಿನ ಮಗು ಅರ್ಕಾ ಪುನೀತ್‌ನಲ್ಲಿ ಅದಿಲ್ಲ. ಒಂದೇ ದೊಡ್ಡ ಕುಟುಂಬಕ್ಕೆ ಕಾಯದೆ, ಇಂಥ ಅರ್ಧ ಒಡಹುಟ್ಟಿದವರನ್ನೆಲ್ಲ ಒಂದೇ ವಂಶವೃಕ್ಷವಾಗಿ ಜೋಡಿಸಿ ನಕ್ಷೆ ಬರೆಯುವ ಲೆಕ್ಕ ರೋಸ್‌ಬ್ರೀಡ್ ಕಾಲದಲ್ಲಿ ಬೆಳೆದದ್ದೇ.

ನಿಮ್ಮ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ನನ್ನ ಸಲಹೆ ಇಷ್ಟು. ಗುಣ ಒಂದೇ ಇಟ್ಟುಕೊಳ್ಳಿ, ಅದೂ ಸ್ಪಂಜು ತಿರುಳಿನಂಥ, ಕೊಯ್ದು ನೋಡಿದರೆ ಇದೆ ಅಥವಾ ಇಲ್ಲ ಎಂದು ಹೇಳಬಹುದಾದದ್ದು. ಪೀಚ್, ಚೆರ್ರಿ, ಸೇಬು ಸೇರಿದ ರೋಸೇಸಿ ಸಸ್ಯಕುಟುಂಬದ ಜೀನೋಮ್ ಡೇಟಾಬೇಸ್ ಯಾರಿಗೂ ತೆರೆದಿದೆ, ಅಲ್ಲಿ ಪೀಚ್‌ನ ನಕ್ಷೆಗಳನ್ನು ಒಂದು ವಾರ ಕೂತು ನೋಡಿ, ಯಾವ ಗುಣವನ್ನು ಹೇಗೆ ಅಳೆದರು ಎಂಬ ಭಾಗವನ್ನು ಎರಡು ಸಲ ಓದಿ. ಆಮೇಲೆ ಲ್ಯಾಬಿಗೆ ಹೋಗುವ ಮೊದಲು ಈ ಮೇ ತಿಂಗಳಲ್ಲಿ ಒಂದು ಚಾಕು, ಒಂದು ತಕ್ಕಡಿ, ಒಂದು ನೋಟ್‌ಬುಕ್ ಹಿಡಿದು ಮಾವಿನ ತೋಟಕ್ಕೆ ಹೋಗಿ. ಪ್ರತಿ ಮರಕ್ಕೂ ಅಳಿಯದ ಸಂಖ್ಯೆ ಕಟ್ಟಿ, ಮರಕ್ಕೆ ಕನಿಷ್ಠ ಇಪ್ಪತ್ತು ಹಣ್ಣು ಕೊಯ್ದು ನೋಡಿ, ಕಿತ್ತ ದಿನ ಬರೆಯುವುದನ್ನು ಮರೆಯಬೇಡಿ. ಮುಂದಿನ ಮೇಯಲ್ಲಿ ಅದೇ ಮರಗಳಿಗೆ ಮತ್ತೆ ಹೋಗಿ. ಎರಡು ವರ್ಷದ ಅಂಕಿ ಒಂದಕ್ಕೊಂದು ಹೊಂದಿದರೆ ನನಗೆ ಬರೆಯಿರಿ, ಎಲೆ ಯಾವಾಗ ಕೀಳಬೇಕು ಎಂದು ಆಗ ಮಾತಾಡೋಣ.